ಎಂಟು ಸಂದರ್ಶನಗಳ ಅನುಭವ

ಪಿಎಚ್.ಡಿ. ಮುಗಿಸಿದವರಿಗೆಲ್ಲ ಮೇಷ್ಟರ ಕೆಲಸ ಸಿಗುವುದಿಲ್ಲವೆಂದು ನಮ್ಮ ರಸಾಯನಶಾಸ್ತ್ರ ವಿಭಾಗಕ್ಕೂ ಕೊನೆಗೆ ಹೊಳೆಯಿತು. ಕಂಪನಿಗಳ ಸಂದರ್ಶನಕ್ಕೆ ಕಿರಿಯರನ್ನು ತಯಾರು ಮಾಡುವ ಹೊಣೆ ನನಗೆ ಬಂತು. ಎಂಟು ಸಂದರ್ಶನ ಕಂಡವನು ನಾನೊಬ್ಬನೇ. ಎಂಟರಲ್ಲೂ ಬಿದ್ದಿದ್ದೆ, ಆದರೂ ಅನುಭವ ಅನುಭವವೇ.

ಮೊದಲು ಬಂದವಳು ರೇಣುಕಾ. ಅವಳ ಫೆಲೋಶಿಪ್ ಮುಗಿಯಲು ಎರಡೇ ತಿಂಗಳಿತ್ತು. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಹಾಸ್ಟೆಲ್ ಕೋಣೆಯೂ ಹೋಗುತ್ತಿತ್ತು. ಲ್ಯಾಬಿಗೆ ಸೇರಿದ ದಿನ ಅವಳಿಗೆ ಮೊದಲ ಪಾಠ ಹೇಳಿದವನೂ ನಾನೇ: ಕೆಟ್ಟುಹೋದ ಪ್ರಯೋಗವನ್ನೂ ಒಂದಕ್ಷರ ಬಿಡದೆ ಬರೆದಿಡಬೇಕು.

"ನಿಮ್ಮ ದೌರ್ಬಲ್ಯ ಏನಂತ ಕೇಳಿದಾಗ ಏನಂದ್ರಿ ಅಣ್ಣಾರ?"

"ಕೆಲಸಕ್ಕ ಕುಂತ್ರ ಊಟಾನೂ ಮರೀತೀನಿ, ಅದ ನನ್ನ ದೌರ್ಬಲ್ಯ ಅಂದೆ."

"ಹಂಗ ಅಂದ್ರಿ? ತಡೀರಿ, ಬರ್ಕೋತೀನಿ. ಕಂಪನಿಗೆ ಯಾಕ ಬಂದ್ರಿ ಅಂದಾಗ?"

"ಮಾಸ್ತರಕಿ ಸಿಗಲಿಲ್ಲ ಅಂದೆ. ಖರೇ ಹೇಳಬೇಕಲ್ಲ!"

ಮೂರು ವಾರ ಅವಳು ತಲೆ ಎತ್ತದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಂಥ ಶ್ರದ್ಧೆಯ ಶಿಷ್ಯೆ ನಮ್ಮ ಗೈಡಿಗೂ ಸಿಕ್ಕಿಲ್ಲವೆಂದು ನಾನು ಬೀಗಿದೆ.

ಮೊದಲ ಸಂದರ್ಶನದಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಪೇಡೆ ತಂದು, "ಎಲ್ಲಾ ನಿಮ್ಮಿಂದನ ಆತ್ರಿ ಅಣ್ಣಾರ" ಎಂದಳು.

"ಹಂಗಾದ್ರ ಆ ನೋಟ್‌ಬುಕ್ ಇಲ್ಲೇ ಇಟ್ಟು ಹೋಗವಾ. ಮುಂದ ಬರೋವ್ರಿಗೆ ಬೇಕಾಗ್ತದ."

ಅವಳು ಸ್ವಲ್ಪ ತಡವರಿಸಿ, ಮೇಜಿನ ಮೇಲೆ ಅದನ್ನಿಟ್ಟು ಬೇಗ ಹೊರಟುಹೋದಳು. ನಾನು ಪೇಡೆ ಬಾಯಿಗಿಟ್ಟುಕೊಂಡು ಮೊದಲ ಪುಟ ತೆರೆದೆ. ದುಂಡನೆಯ ಅಕ್ಷರದಲ್ಲಿ ತಲೆಬರಹವಿತ್ತು: "ಕೆಟ್ಟುಹೋದ ಪ್ರಯೋಗಗಳು, ಒಂದರಿಂದ ಎಂಟು."