ಮೊದಲ ಸಾಲಿನ ಕೈ

ಐದನೇ ವಿಷಯಕ್ಕೆ ಏಳಬಾರದಿದ್ದ ಟೈಲರಮ್ಮನ ಕೈ ಎದ್ದುಬಿಟ್ಟಿತು. ಅರ್ಧಂಬರ್ಧವಲ್ಲ, ಬಳೆಗಳು ಮೊಣಕೈಗೆ ಜಾರುವಷ್ಟು ನೆಟ್ಟಗೆ. ಅದನ್ನು ನೋಡಿದ್ದೇ ತಡ, ಹಿಂದಿನ ಸಾಲುಗಳಲ್ಲಿ ಪಟಪಟನೆ ಇನ್ನೂ ಆರು ಕೈಗಳು ಎದ್ದವು. ಎದುರು ಪಕ್ಷದ ನಾಲ್ವರು ಆಗಲೇ ಎತ್ತಿ ಕೂತಿದ್ದರು, ಪಾಪ, ಸೋಲುವುದಕ್ಕೆ ಸಿದ್ಧರಾಗಿ.

ಪಟ್ಟಣ ಸಭೆಯ ಅಧ್ಯಕ್ಷರು ಇಂಗು ತಿಂದ ಮಂಗನಂತಾದರು. ಶಿಕ್ಷಣ ನಿಧಿಯ ಹಣದಲ್ಲಿ ಸರ್ಕಾರಿ ಶಾಲೆಗೆ ಹೊಸ ಸೂರು ಹಾಕಿಸಬೇಕು ಎಂಬುದು ಐದನೇ ವಿಷಯ. ಅದು ಬಿದ್ದುಹೋದರೆ, ಅದೇ ಹಣದಲ್ಲಿ ಗಿರಣಿ ಮಾಲೀಕರ ಗೇಟಿನವರೆಗೆ ರಸ್ತೆ ಎಂಬುದು ಆರನೆಯದು. ಬೀಳದೆ ಏನು? ಅಧ್ಯಕ್ಷರನ್ನು ಬಿಟ್ಟು ಹನ್ನೊಂದು ಸದಸ್ಯರಲ್ಲಿ ಏಳು ಮಂದಿಯನ್ನು ಚುನಾವಣೆಗೆ ನಿಲ್ಲಿಸಿ, ಗೆಲ್ಲಿಸಿ, ಕುರ್ಚಿಯಲ್ಲಿ ಕೂರಿಸಿದವರೇ ಮಾಲೀಕರು. ಅವರು ಕೊನೆಯಲ್ಲಿ, ಪ್ರೇಕ್ಷಕರ ಬೆಂಚಿನ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು.

ಪ್ರತಿ ಸಭೆಗೂ ಏಳು ತಲೆಗೆ ತಿಳಿಹೇಳಿ ಸಾಕಾಗಿ ಅವರ ಮ್ಯಾನೇಜರ್ ಒಂದು ಉಪಾಯ ಹೂಡಿದ್ದ. ಮೊದಲ ಸಾಲಿನ ಟೈಲರಮ್ಮನಿಗೆ ಮಾತ್ರ ಹೇಳುವುದು. ಉಳಿದವರು ಅವಳ ಕೈ ನೋಡಿಕೊಳ್ಳುವುದು. ಊರಿನವರ ಸೊಂಟ, ತೋಳು, ಭುಜದ ಅಳತೆಯನ್ನೆಲ್ಲ ಬಾಯಿಪಾಠ ಇಟ್ಟುಕೊಂಡವಳು ಇದನ್ನು ಮರೆತಾಳೆಯೇ? ಮೂರು ವರ್ಷ ಒಮ್ಮೆಯೂ ಮರೆತಿರಲಿಲ್ಲ. ಮರೆಯುವ ಹಾಗೂ ಇರಲಿಲ್ಲ. ಅವಳ ಅಂಗಡಿಯ ಎರಡೂ ಹೊಲಿಗೆ ಯಂತ್ರಗಳು ಮಾಲೀಕರವು. "ನಮ್ಮ ಜೊತೆ ಇರೋವರೆಗೂ ಇಟ್ಕೊಳ್ಳಿ" ಎಂದು ಕೊಟ್ಟಿದ್ದರು. ಮನೆಯ ಮೂರು ಹೊಟ್ಟೆ ತುಂಬುತ್ತಿದ್ದುದು ಅವುಗಳಿಂದಲೇ.

ಆದರೆ ನಿನ್ನೆ ಸಂಜೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ಪಾಠ ಒಪ್ಪಿಸು ಎಂದಿದ್ದಳು. ಶಾಲೆಯ ಸೂರು ಕುಸಿದಾಗಿನಿಂದ ಎರಡನೇ ತರಗತಿಯೂ ಏಳನೇ ತರಗತಿಯೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಎರಡನೆಯ ತರಗತಿಯ ಆ ಕೂಸು ಹೃದಯಕ್ಕೆ ಎಷ್ಟು ಕೋಣೆ, ರಕ್ತ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ಗಡಗಡ ಒಪ್ಪಿಸಿತು. ನಿನ್ನ ಹೆಸರು ಬರಿ ಎಂದರೆ ಪೆನ್ಸಿಲ್ ಕಚ್ಚುತ್ತ ಕೂತಿತು.

"ನಮ್ಮ ಮಿಸ್ ದನಿ ಸಣ್ಣದು ಅಜ್ಜಿ. ಆ ಕಡೆ ಸರ್ ಹೇಳೋದೇ ಕೇಳ್ಸೋದು."

ಟೈಲರಮ್ಮನಿಗೆ ಮೊದಲು ನಗು ಬಂದಿತ್ತು. ಆಮೇಲೆ ರಾತ್ರಿ ಊಟ ಸೇರಿರಲಿಲ್ಲ.

"ಟೈಲರಮ್ಮ, ಇದು ಐದನೇದು!" ಅಧ್ಯಕ್ಷರು ಮೇಜಿನ ಮೇಲೆ ಬಗ್ಗಿ ಹೇಳಿದರು.

"ಗೊತ್ತು ಸಾರ್."

"ಆರಲ್ಲ, ಐದು!"

"ಎಣಿಸೋಕೆ ನಂಗೂ ಬರುತ್ತೆ. ಐದಕ್ಕೇ ಎತ್ತಿರೋದು."

ಗುಮಾಸ್ತ ಎಣಿಸಿದ. ಅಧ್ಯಕ್ಷರು ಮತ್ತೊಮ್ಮೆ ಎಣಿಸು ಎಂದರು. ಅವನು ಪೆನ್ನಿನ ತುದಿಯಿಂದ ಒಬ್ಬೊಬ್ಬರನ್ನೇ ತೋರಿಸುತ್ತ ಮತ್ತೆ ಮೊದಲಿನಿಂದ ಶುರು ಮಾಡಿದ. ಕೊನೆಯ ಬೆಂಚಿನ ಹತ್ತಿರ ಮ್ಯಾನೇಜರ್ ಎದ್ದು ನಿಂತು, ಇಳಿಸಿ ಇಳಿಸಿ ಎಂದು ಎರಡೂ ಕೈ ಬೀಸತೊಡಗಿದ. ಯಾರು ನೋಡಬೇಕು? ಆರು ಮಂದಿಯೂ ಅವನೇ ಕಲಿಸಿದ ಹಾಗೆ ಟೈಲರಮ್ಮನ ಕೈಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎತ್ತಿ ಹಿಡಿದೂ ಹಿಡಿದೂ ಅವಳ ತೋಳು ಸೋಲತೊಡಗಿತು. ಇದೊಂದು ಇಳಿದರೆ ಏಳೂ ಇಳಿಯುತ್ತವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಹಲ್ಲು ಕಚ್ಚಿದಳು. ಎಂಟು... ಒಂಬತ್ತು... ಬೇಗ ಎಣಿಸೋ ಮಾರಾಯ!

"ಹನ್ನೊಂದಕ್ಕೆ ಹನ್ನೊಂದು ಸಾರ್. ಸರ್ವಾನುಮತ."

ಎದುರು ಪಕ್ಷದ ನಾಲ್ವರಿಗೆ ಗೆದ್ದದ್ದೇ ತಿಳಿಯಲಿಲ್ಲ. ಒಬ್ಬ ಮೇಜು ಗುದ್ದಿದ ಮೇಲೆ ಉಳಿದವರೂ ಗುದ್ದಿದರು, ನೀರಿನ ಲೋಟ ಉರುಳಿ ಅಧ್ಯಕ್ಷರ ಕಾಗದವೆಲ್ಲ ಒದ್ದೆಯಾಯಿತು. ಆ ಗದ್ದಲದ ನಡುವೆ ಹಿಂದೆ ಕೂತಿದ್ದ ಗ್ಯಾರೇಜಿನವನು ಮುಂದೆ ಬಾಗಿದ.

"ಟೈಲರಮ್ಮ, ಈಗ ಏನ್ ಪಾಸ್ ಮಾಡಿದ್ವಿ?"

"ಸ್ಕೂಲ್ ಸೂರು."

"ಅಯ್ಯೋ, ನನ್ನ ಮಗನೂ ಅಲ್ಲೇ ಅಲ್ವಾ ಓದೋದು! ಮೊದ್ಲೇ ಹೇಳ್ಬಾರ್ದಾ? ಎರಡೂ ಕೈ ಎತ್ತಿಬಿಡ್ತಿದ್ದೆ."

ಹೊರಗೆ, ಮೆಟ್ಟಿಲ ಬಳಿ ಮಾಲೀಕರು ಕಾಯುತ್ತಿದ್ದರು. ಸಿಟ್ಟಿನ ಸುಳಿವೇ ಇಲ್ಲ, ನಗುತ್ತಲೇ ಇದ್ದರು. ಮ್ಯಾನೇಜರ್ ಮಾತ್ರ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

"ಮುಂದಿನ ಸಭೆಗೆ ಇನ್ಯಾರದಾದ್ರೂ ಕೈ ಹುಡುಕ್ತೀವಿ ಬಿಡಿ," ಎಂದರು. "ಸಂಜೆ ಗಾಡಿ ಕಳಿಸ್ತೀನಿ, ಟೈಲರಮ್ಮ. ಮಷಿನ್ ಎರಡನ್ನೂ ಹಾಕಿ ಕಳಿಸಿ."

ಅವಳ ದನಿ ಸಣ್ಣದಾಗಲಿಲ್ಲ.

"ಸಂಜೆ ತನಕ ಯಾಕೆ ಸಾರ್, ಈಗಲೇ ಕಳಿಸಿ. ಬೆಳಗ್ಗೆನೇ ಒರೆಸಿ, ಎಣ್ಣೆ ಬಿಟ್ಟು, ಬಾಗಿಲ ಹತ್ರ ತಂದಿಟ್ಟೇ ಬಂದಿದೀನಿ."