ಯಜಮಾನರ ದನಿ

ಜಾಹೀರಾತು ಬರೆಯುವ ಆ ಕಚೇರಿಯಲ್ಲಿ ಯಾರಿಗೂ ಸಾಲು ಹೊಳೆಯದೆ ಕೂತಾಗ ಮುಕುಂದ ಯಜಮಾನರ ದನಿಯಲ್ಲಿ ಎಲ್ಲರನ್ನೂ ಬೈಯಲು ಶುರುಮಾಡುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವಿನ ನಡುವೆಯೇ ಕುಮುದಾಳಿಗೆ ಥಟ್ಟನೆ ಏನೋ ಹೊಳೆಯುತ್ತಿತ್ತು. ಕಚೇರಿಗೆ ಹೆಸರು ತಂದ ಜಾಹೀರಾತುಗಳೆಲ್ಲ ಹಾಗೆ ಹುಟ್ಟಿದವೇ.

ಕುಮುದಾ ರಜೆ ಹಾಕಿದ್ದ ಒಂದು ದಿನ ಅವನ ಬೈಗುಳ ರಂಗೇರಿದ್ದಾಗ ಯಜಮಾನರೇ ಬಾಗಿಲಲ್ಲಿ ನಿಂತಿದ್ದರು.

"ಚೆನ್ನಾಗಿ ಮಾಡ್ತೀಯ ಕಣಯ್ಯ," ಎಂದು ನಕ್ಕು ತಮ್ಮ ಕೋಣೆಗೆ ಕರೆದೊಯ್ದರು. ಕೆಲಸ ಹೋಯಿತೆಂದೇ ಅವನು ಅಂದುಕೊಂಡ. ಅವರು ಮೇಜಿನ ಮೇಲಿದ್ದ ಫೋನನ್ನು ಅವನತ್ತ ತಳ್ಳಿದರು.

"ಕುಮುದಾನ ಕೆಲಸದಿಂದ ತೆಗೀತಿದೀನಿ. ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನನ್ನ ದನೀಲಿ ನೀನೇ ಹೇಳಿಬಿಡು."

"ಸರ್, ಅವಳು..."

"ಇಲ್ಲಾಂದ್ರೆ ಅದನ್ನೇ ನಿನಗೆ ಹೇಳ್ತೀನಿ. ಅದಕ್ಕೆ ಬಾಯಿ ಬರುತ್ತೆ."

ಅವರೇ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಮುಕುಂದ ಗಂಟಲು ಸರಿಮಾಡಿಕೊಂಡು, ಯಜಮಾನರ ಹಾಗೆಯೇ ಮಾತನ್ನು ಎಳೆದೆಳೆದು ಹೇಳಿದ: "ನಾಳೆಯಿಂದ ನೀನು ಬರೋದು ಬೇಡ ಕಣಮ್ಮ."

ಆ ಕಡೆಯಿಂದ ಕುಮುದಾಳ ನಗು ಉಕ್ಕಿತು.

"ಅಯ್ಯೋ ಮುಕುಂದ, ನಗಿಸಿ ಸಾಯಿಸ್ತೀಯ ಕಣೋ. ಇವತ್ತಂತೂ ಥೇಟ್ ಅವರೇ. ತಡಿ, ವಾರದಿಂದ ಕಾಡ್ತಿದ್ದ ಆ ಸೋಪಿನ ಸಾಲು ಈಗ ಹೊಳೀತು. ಹೇಳ್ತೀನಿ, ಬರ್ಕೋ."

ಅವಳು ಸಾಲು ಹೇಳಿದಳು. ಯಜಮಾನರು ಪೆನ್ನು ತೆಗೆದು ಒಂದಕ್ಷರವೂ ಬಿಡದೆ ಬರೆದುಕೊಂಡರು. ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿ ಪಿಸುಗುಟ್ಟಿದರು:

"ಈಗ ನಿನ್ನ ದನೀಲೇ ಹೇಳು."