ಹರಿತೋನ್ ಸಾಹೇಬರ ವಿಮಾನ

"ಇಳಿಸ್ರಯ್ಯಾ ನನ್ನ! ನಾಟಕದವಳ ಕೈಲಿ ನಾನು ಸಾಯಲ್ಲ!"

ಇಲಾರಿಯೆ ಸ್ಟ್ರೆಚರಿನಿಂದ ಏಳಲು ಹೋದ. ತೊಡೆಯ ಕಟ್ಟು ಮತ್ತೆ ಕೆಂಪಾಯಿತು. ಸಂಜೆಯೊಳಗೆ ಯಾಶ್ ಊರಿನ ಆಸ್ಪತ್ರೆ ಮುಟ್ಟದಿದ್ದರೆ ಉಳಿಯುವುದಿಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಆದರೂ ಈ ಕುರಿಗಾಹಿಯ ಹಟ ಹಟವೇ. ರೆಡ್‌ಕ್ರಾಸ್ ಗುರುತಿನ ಬಿಳಿ ವಿಮಾನದ ಬಳಿ ನಿಂತವಳನ್ನು ಅವನು ಗುರುತು ಹಿಡಿದಿದ್ದ. ಒಲಿಂಪಿಯಾ! ಯುದ್ಧಕ್ಕೆ ಮುಂಚೆ ಅವನೂರಿನ ರೈಲ್ವೆ ಗೋದಾಮಿನಲ್ಲಿ ಮೂರು ಪಾತ್ರ ಮೂರು ದನಿಯಲ್ಲಿ ಒಬ್ಬಳೇ ಕಟ್ಟಿ, ನಗಿಸಿ ನಗಿಸಿ ಜನರ ಹೊಟ್ಟೆ ಹುಣ್ಣಾಗಿಸಿದ್ದವಳು. ಈಗ ವಿಮಾನ ಓಡಿಸುತ್ತಾಳಂತೆ.

"ಹರಿತೋನ್ ಸಾಹೇಬ್ರೆಲ್ಲಿ? ಹೋದ ಚಳೀಲಿ ಇದೇ ವಿಮಾನ ಓಡಿಸಿ ನನ್ನ ಬದುಕಿಸಿದ್ದು ಅವ್ರು. ಅವರಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಮಣ್ಣು ಮಾಡಿ."

ಸ್ಟ್ರೆಚರ್ ಹೊರುವ ಮುದುಕ ಪಿಂತಿಲಿಯೆ ಒಲಿಂಪಿಯಾಳ ಮುಖ ನೋಡಿದ. ಅವಳು ಕೈಗವಸು ಹಾಕಿಕೊಳ್ಳುತ್ತಿದ್ದಳು.

"ಸಾಹೇಬ್ರೂ ಇದೇ ವಿಮಾನದಲ್ಲಿ ಬರ್ತಾರೆ ಕಣಯ್ಯಾ, ದೇವರಾಣೆ," ಎಂದ ಪಿಂತಿಲಿಯೆ. "ಬಾಯ್ ಮುಚ್ಕೊಂಡು ಮಲಕ್ಕೋ."

ವಿಮಾನದ ಹಿಂಭಾಗದ ಗೂಡಿನಲ್ಲಿ ಆಗಲೇ ಒಬ್ಬ ಮಲಗಿದ್ದ. ಮುಖದ ತುಂಬ ಬ್ಯಾಂಡೇಜು. ಕಣ್ಣಿಗೆ, ಉಸಿರಿಗೆ ಸಂದಿ ಬಿಟ್ಟಿದ್ದರು, ಅಷ್ಟೇ. ಇಲಾರಿಯೆಯನ್ನು ಅವನ ಪಕ್ಕಕ್ಕೆ ತಳ್ಳಿ ಬಾಗಿಲು ಹಾಕಿದರು.

ಕತ್ತಲು. ಪೆಟ್ರೋಲಿನ ಘಾಟು. ಇಲಾರಿಯೆಗೆ ಉಸಿರು ಕಟ್ಟಿತು. ಬಾಗಿಲು ಒದ್ದು ಹೊರಬೀಳೋಣ ಎಂದುಕೊಂಡ. ಅಷ್ಟರಲ್ಲಿ, ಚಾಲಕನ ಜಾಗದಿಂದ ಅವನ ಕಿವಿಯ ಬಳಿಗೆ ಬರುವ ಮಾತಿನ ಕೊಳವೆಯಲ್ಲಿ ಕೆಮ್ಮು ಕೇಳಿಸಿತು. ಆಮೇಲೆ ದೃಷ್ಟಿ ತೆಗೆಯಲು ಮೂರು ಸಲ ಉಗಿದ ಸದ್ದು: ಥೂ, ಥೂ, ಥೂ. ಹರಿತೋನ್ ಸಾಹೇಬರು ಹಾಗೆ ಉಗಿಯದೆ ಎಂದೂ ನೆಲ ಬಿಟ್ಟವರಲ್ಲ.

"ಯಾವನೋ ಅದು, ಕುರಿ ಥರ ಅರಚ್ತಿದ್ದೋನು? ತೊಡೆ ಗಟ್ಟಿಯಾಗಿ ಒತ್ತಿ ಹಿಡ್ಕೋ. ಬಿಟ್ರೆ ಬಂದು ಒದೀತೀನಿ!"

ಅದೇ ಒರಟು ದನಿ. ಇಲಾರಿಯೆಗೆ ಅಳುವೇ ಬಂತು. ಎರಡೂ ಮುಷ್ಟಿಗಳಿಂದ ತೊಡೆಯನ್ನು ಅದುಮಿಕೊಂಡ.

ವಿಮಾನ ಗಾಳಿಯಲ್ಲಿ ಕುಪ್ಪಳಿಸಿತು. ಅವನಿಗೆ ಮಂಪರು ಹತ್ತಿತು, ಮುಷ್ಟಿ ಸಡಿಲವಾಯಿತು. ಕೊಳವೆ ಗುಡುಗಿತು: "ನಿದ್ದೆ ಮಾಡ್ಬೇಡ! ನಿನ್ನ ಕುರಿಗಳ ಹೆಸರು ಹೇಳು!" ಅವನು ಹೇಳತೊಡಗಿದ. ಹನ್ನೊಂದನೆಯ ಕುರಿಗೆ ತಡವರಿಸಿದ, ಬೈಸಿಕೊಂಡ, ಮತ್ತೆ ಮೊದಲಿನಿಂದ ಶುರುಮಾಡಿದ. ನಡುವೆ ಸಾಹೇಬರು ಆ ನಟಿಯನ್ನೂ ಬಿಡಲಿಲ್ಲ. "ಏ ಅಮ್ಮಣ್ಣಿ, ಅದನ್ನ ಮುಟ್ಬೇಡ! ಇದೇನು ನಾಟಕದ ಪರದೆ ಅಂದ್ಕೊಂಡ್ಯಾ?"

"ತಪ್ಪಾಯ್ತು ಸಾಹೇಬ್ರೇ," ಎಂದಿತು ತೆಳ್ಳನೆಯ ದನಿ.

ಇಲಾರಿಯೆ ನಕ್ಕುಬಿಟ್ಟ. ಪಕ್ಕದವನ ಮೈ ಗಡಗಡ ಅಲುಗಿತು. ಸಾಹೇಬರು ಬೈದಾಗಲೆಲ್ಲ ಹಾಗೇ ಅಲುಗುತ್ತಿತ್ತು. ಪಾಪ, ನೋವಿಗೆ ಅಳುತ್ತಿದ್ದಾನೆ ಎಂದುಕೊಂಡು, ಒಂದು ಕೈಯಲ್ಲಿ ತೊಡೆ ಒತ್ತಿ, ಇನ್ನೊಂದರಲ್ಲಿ ಇಲಾರಿಯೆ ಅವನ ಕೈ ಹಿಡಿದ. ಆ ಕೈ ಬಿಗಿಯಾಗಿ ಹಿಡಿದುಕೊಂಡಿತು.

ಚಕ್ರ ನೆಲಕ್ಕೆ ತಾಗಿತು. ಬಾಗಿಲು ತೆರೆಯಿತು. ಬಿಸಿಲು ಕಣ್ಣಿಗೆ ರಾಚಿತು.

"ಸಾಹೇಬ್ರನ್ನ ಕರೀರಿ! ಅವರ ಕೈಗೆ ಮುತ್ತಿಡ್ಬೇಕು."

ಬಾಗಿಲಲ್ಲಿ ಒಲಿಂಪಿಯಾ ಒಬ್ಬಳೇ ನಿಂತಿದ್ದಳು. ಅವಳ ಹಿಂದೆ, ಚಾಲಕನ ಜಾಗದಲ್ಲಿ ಇದ್ದದ್ದು ಒಂದೇ ಆಸನ. ಅವಳು ಕೆಮ್ಮಿದಳು. ದಾರಿಯುದ್ದಕ್ಕೂ ಗದರಿ ಗದರಿ ದನಿ ಒಡೆದುಹೋಗಿತ್ತು.

"ಮುತ್ತಿಡಣ್ಣಾ," ಎಂದಳು. "ಬೆಳಿಗ್ಗೆ ಬಾಂಬಿನ ಚೂರಿಗೆ ದವಡೆ ಹೋಯ್ತು ಅವರ್ದು. ನೀನು ಹಿಡ್ಕೊಂಡಿರೋದು ಅವರ ಕೈನೇ."